ಎಐ ಸೇವೆ ಕೊಡಲಿ, ಹೆಸರು ಹೊಡೆಯುವ ಅಧಿಕಾರ ಬೇಡ

ಆಂಧ್ರದ ಕರ್ನೂಲು ಜಿಲ್ಲೆಯ ಆಸ್ಪರಿ, ತೆಲುಗು, ಕನ್ನಡ, ಉರ್ದು ಮೂರೂ ಕಿವಿಗೆ ಬೀಳುವ ಗಡಿಭಾಗದ ಊರು. ಇಂಥ ಊರಿನವರ ಮೊಬೈಲ್‌ಗೂ ಈಗ ಸರಕಾರಿ ಕಚೇರಿ ಬಂದಿದೆ. 2025ರ ಜನವರಿ 30ರಂದು ಆಂಧ್ರ ಸರಕಾರ 'ಮನ ಮಿತ್ರ' ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ 161 ಸೇವೆಗಳನ್ನು ಶುರು ಮಾಡಿತು. ಕರೆಂಟ್ ಬಿಲ್, ಬಸ್ ಟಿಕೆಟ್, ಕಂದಾಯ ಇಲಾಖೆಯ ಪ್ರಮಾಣಪತ್ರ ಎಲ್ಲವೂ ಅದರಲ್ಲಿವೆ. ಮುಂದೆ ಇದಕ್ಕೆ ಕೃತಕ ಬುದ್ಧಿಮತ್ತೆ, ಅಂದರೆ ಎಐ ಸೇರಿಸುವುದಾಗಿ ಸಚಿವ ನಾರಾ ಲೋಕೇಶ್ ಹೇಳಿದ್ದಾರೆ.

ಇದರ ಲಾಭ ಸಣ್ಣದಲ್ಲ. ಕೂಲಿಯವನಿಗೆ ಕಚೇರಿಗೆ ಒಂದು ಸಲ ಹೋಗಿ ಬಂದರೆ ಆ ದಿನದ ಸಂಬಳ ಹೋದಂತೆ. ಓದು ಬರೆಹ ಬಾರದವರು ತಮ್ಮ ಭಾಷೆಯಲ್ಲೇ ಮಾತನಾಡಿ ಕೆಲಸ ಮಾಡಿಸಿಕೊಳ್ಳುವಂತಾದರೆ ಮಧ್ಯವರ್ತಿಯ ಕಾಟವೂ ತಪ್ಪುತ್ತದೆ.

ಆದರೆ ಅರ್ಜಿ ತೆಗೆದುಕೊಳ್ಳುವ ಯಂತ್ರ ಬೇರೆ, ಅರ್ಹರು ಯಾರೆಂದು ತೀರ್ಮಾನಿಸುವ ಯಂತ್ರ ಬೇರೆ. ಪಕ್ಕದ ತೆಲಂಗಾಣವನ್ನೇ ನೋಡಿ. ಅಲ್ಲಿ 2014ರಿಂದ 2019ರೊಳಗೆ 18 ಲಕ್ಷಕ್ಕೂ ಹೆಚ್ಚು ರೇಷನ್ ಕಾರ್ಡ್‌ಗಳು ರದ್ದಾದವು. ಬೇರೆ ಬೇರೆ ಇಲಾಖೆಗಳ ಮಾಹಿತಿ ಹೊಂದಿಸಿ ನೋಡುವ 'ಸಮಗ್ರ ವೇದಿಕ' ವ್ಯವಸ್ಥೆಯೂ ಅಲ್ಲಿ ಬಳಕೆಯಲ್ಲಿತ್ತು. ರಿಕ್ಷಾ ಎಳೆಯುತ್ತಿದ್ದ ಹೈದರಾಬಾದ್‌ನ ಮುಸ್ಲಿಂ ವ್ಯಕ್ತಿಯೊಬ್ಬರನ್ನು ಅದು ಕಾರಿನ ಮಾಲಕ ಎಂದು ತೋರಿಸಿತು. ಕುಟುಂಬಕ್ಕೆ ರೇಷನ್ ಸಿಗಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಮರುಪರಿಶೀಲನೆ ನಡೆದಾಗ, ಮೊದಲ ಸುಮಾರು 2 ಲಕ್ಷ ಅರ್ಜಿಗಳಲ್ಲೇ 15 ಸಾವಿರಕ್ಕೂ ಹೆಚ್ಚು ಕುಟುಂಬಗಳು ಅರ್ಹವೆಂದು ಗೊತ್ತಾಯಿತು.

ಕರಾವಳಿಯ ಬ್ಯಾರಿಗಳಿಗೂ ಇದು ದೂರದ ಸುದ್ದಿಯಲ್ಲ. ಒಂದೇ ಮೊಹಲ್ಲಾದಲ್ಲಿ ನಾಲ್ಕು ಅಬ್ದುಲ್ ಖಾದರ್ ಇರುತ್ತಾರೆ. ಆಧಾರ್‌ನಲ್ಲಿ 'ಮುಹಮ್ಮದ್', ರೇಷನ್ ಕಾರ್ಡ್‌ನಲ್ಲಿ 'ಮೊಹಮ್ಮದ್'. ಊರಿನವರಿಗೆ ಯಾರು ಯಾರೆಂದು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಶ್ರೀಮಂತ ನೆದರ್‌ಲ್ಯಾಂಡ್ಸ್‌ನಲ್ಲೂ ಮಕ್ಕಳ ಪಾಲನೆಯ ನೆರವು ಪಡೆದ ಸಾವಿರಾರು ಪೋಷಕರನ್ನು ತೆರಿಗೆ ಇಲಾಖೆ ವಂಚಕರೆಂದು ತಪ್ಪಾಗಿ ಗುರುತಿಸಿತು. ವಲಸೆ ಹಿನ್ನೆಲೆಯವರಿಗೇ ಹೆಚ್ಚು ಪೆಟ್ಟು ಬಿತ್ತು. 2021ರ ಜನವರಿಯಲ್ಲಿ ಸರಕಾರವೇ ರಾಜೀನಾಮೆ ಕೊಡಬೇಕಾಯಿತು.

ಹಾಗಾಗಿ ಎಐ ಬೇಡ ಎನ್ನುವುದು ಪರಿಹಾರವಲ್ಲ. ಹೆಸರು ತೆಗೆಯುವ ಮೊದಲು ಕಾರಣ ತಿಳಿಸಿ ನೋಟಿಸ್ ಕೊಡಬೇಕು, ಅದೂ ಜನರ ಭಾಷೆಯಲ್ಲಿ. ಕೊನೆಯ ಸಹಿ ಅಧಿಕಾರಿಯದ್ದೇ ಆಗಿರಬೇಕು. ಮೇಲ್ಮನವಿ ಕೇಳಲು ಮನುಷ್ಯರೇ ಇರಬೇಕು.

ಯುವಕರಿಗೂ ಕೆಲಸವಿದೆ. ಜಮಾಅತ್ ಮಟ್ಟದಲ್ಲಿ ಒಂದು ದಿನ ಕುಳಿತು ಎಲ್ಲರ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಬಹುದು. ಅರ್ಜಿಯ ಸ್ವೀಕೃತಿ ಜೋಪಾನವಾಗಿಡಲು ಹಿರಿಯರಿಗೆ ಹೇಳಬಹುದು. ಕಾರ್ಡ್ ರದ್ದಾದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕಾರಣ ಕೇಳಬಹುದು. 'ಕಂಪ್ಯೂಟರ್ ಹಾಗೆ ತೋರಿಸ್ತಿದೆ' ಎಂಬುದನ್ನು ಉತ್ತರವೆಂದು ಒಪ್ಪಿಕೊಂಡು ಹಿಂದಿರುಗಬಾರದು.