ಶಾಲೆಯ ಇಮೇಲ್ ಯಾರ ಕೈಯಲ್ಲಿರಬೇಕು?

ತಿಕೋಟಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿದು ಎರಡು ತಿಂಗಳಾಯಿತು. ಕಳೆದ ವಾರ ಫೋನಿನಲ್ಲಿ ಹಳೆಯ ಪಾಠಯೋಜನೆಯೊಂದನ್ನು ಹುಡುಕುತ್ತಿದ್ದಾಗ ಆ ಶಾಲೆಯ ಇಮೇಲ್ ತೆರೆದುಕೊಂಡಿತು. ಪಾಸ್‌ವರ್ಡ್ ಬದಲಾಗಿರಲಿಲ್ಲ. ವಿದ್ಯಾರ್ಥಿವೇತನಕ್ಕೆಂದು ಕಳಿಸಿದ ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ ಎಲ್ಲವೂ ನನ್ನ ಅಂಗೈಯಲ್ಲಿದ್ದವು.

ಆ ಪಾಸ್‌ವರ್ಡ್ ನನಗೆ ಸಿಕ್ಕಿದ್ದು ಮೊದಲ ವಾರದಲ್ಲೇ. “ನಿಮಗ ಕಂಪ್ಯೂಟರ್ ಬರ್ತದಲ್ರಿ ಸರ, ಮೇಲ್ ಏನರೆ ಬಂದದೇನು ನೋಡ್ರಿ” ಎಂದರು ಮುಖ್ಯಗುರುಗಳು. ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲೇ ಅದನ್ನು ಬರೆದಿತ್ತು. ಗುಮಾಸ್ತರಿಲ್ಲದ ಶಾಲೆ, ಅವರನ್ನು ದೂರುವುದು ಸರಿಯಲ್ಲ. ನಾನೂ ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಒಂದು ದಿನ “ಮೇಲ್‌ಬಾಕ್ಸ್ ತುಂಬಿದೆ, ಈ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿ” ಎಂಬ ಪತ್ರ ಬಂತು. ಹಾಕಲು ಹೊರಟವನು ಕಳಿಸಿದವರ ವಿಳಾಸ ವಿಚಿತ್ರವಾಗಿದ್ದುದನ್ನು ಕಂಡು ಕೈ ಹಿಂತೆಗೆದೆ. ಅಂಥ ಪತ್ರ ಗುರುತಿಸುವುದನ್ನು ನಾನು ಎಲ್ಲಿಯೂ ಕಲಿತಿರಲಿಲ್ಲ.

ಕೇಂದ್ರ ಸರಕಾರ ತನ್ನ ಕಚೇರಿಗಳಿಗೆ 2014ರಲ್ಲೇ ಇಮೇಲ್ ನೀತಿ ರೂಪಿಸಿದೆ. ಬೇರೆಯವರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಆದರೆ ಹಳ್ಳಿಯ ಶಾಲೆಗೆ ಇವತ್ತು ಬೇಕಾಗಿರುವುದು ಒಂದೇ ಪುಟದ ನಿಯಮ. ಪಾಸ್‌ವರ್ಡ್ ಮುಖ್ಯಗುರುಗಳು ಮತ್ತು ಹೆಸರಿಸಿದ ಒಬ್ಬ ಶಿಕ್ಷಕರಿಗೆ ಮಾತ್ರ ಗೊತ್ತಿರಲಿ. ಎರಡು ಹಂತದ ದೃಢೀಕರಣವಿರಲಿ. ಮಕ್ಕಳ ದಾಖಲೆಗಳನ್ನು ಯಾರೂ ಸ್ವಂತ ಮೇಲ್‌ನಿಂದ ಕಳಿಸದಿರಲಿ. ಮುಖ್ಯಗುರುಗಳು ವರ್ಗವಾದಾಗ ಕಪಾಟಿನ ಕೀಲಿಕೈಯನ್ನು ಚಾರ್ಜ್ ಪಟ್ಟಿಯಲ್ಲಿ ಬರೆಯುತ್ತೇವೆ, ಇಮೇಲನ್ನೂ ಬರೆಯಬೇಕು. ಇಲ್ಲವಾದರೆ ಒಟಿಪಿ ಹಳೆಯವರ ಮೊಬೈಲಿಗೇ ಹೋಗುತ್ತಿರುತ್ತದೆ.

“ನಂಬಿಕೆ ಇಲ್ಲವೇ?” ಎಂದು ಕೆಲವರು ಕೇಳಬಹುದು. ನಮ್ಮ ಭಾಗದ ರೈತರು ಆಳುಗಳನ್ನು ನಂಬುತ್ತಾರೆ. ಆದರೂ ಒಣದ್ರಾಕ್ಷಿ ಶೆಡ್ಡಿಗೆ ಕೀಲಿ ಹಾಕುತ್ತಾರೆ. ಕೀಲಿ ಹಾಕುವುದು ಅಪನಂಬಿಕೆಯಲ್ಲ, ಜವಾಬ್ದಾರಿ.

ಪ್ರಶಿಕ್ಷಣಾರ್ಥಿಗಳಿಗೆ ಹಾಜರಿ ಪುಸ್ತಕ, ದಾಖಲಾತಿ ವಹಿ ನಿರ್ವಹಿಸುವುದನ್ನು ಕಲಿಸುವಂತೆ ಇದನ್ನೂ ಕಲಿಸಬೇಕು. ಇಂಟರ್ನ್‌ಶಿಪ್ ಮುಗಿಯುವ ದಿನ “ಶಾಲೆಯ ಖಾತೆಗಳಿಂದ ಹೊರಬಂದಿದ್ದೇನೆ, ಪಾಸ್‌ವರ್ಡ್ ಬದಲಾಗಿದೆ” ಎಂಬ ಸಾಲಿಗೆ ಇಬ್ಬರೂ ಸಹಿ ಮಾಡಲಿ ಎಂಬುದು ನನ್ನ ಸಲಹೆ.

ನಾನು ಅಂದೇ ಮುಖ್ಯಗುರುಗಳಿಗೆ ಫೋನ್ ಮಾಡಿದೆ. “ಛಲೋ ಆತು ಹೇಳಿದ್ರಿ” ಎಂದ ಅವರು ಮರುಗಳಿಗೆಯಲ್ಲೇ ಕೇಳಿದರು: “ಹೊಸಾ ಪಾಸ್‌ವರ್ಡ್ ಏನಿಡೂಣು, ನೀವೇ ಹೇಳ್ರಿ.” ನಾನು ಹೇಳಲಿಲ್ಲ, ಹೇಗೆ ಇಡಬೇಕೆಂದಷ್ಟೇ ಹೇಳಿಕೊಟ್ಟೆ.