ಅಂಗಳದಲ್ಲಿ ಸ್ವಲ್ಪ ಮಣ್ಣು ಉಳಿಸಿ

ಕಳೆದ ಕೆಲವು ವರ್ಷಗಳಲ್ಲಿ ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಅನೇಕರು ಸ್ವಂತ ಮನೆ ಕಟ್ಟಿಸಿಕೊಂಡಿದ್ದಾರೆ. ಗೃಹಪ್ರವೇಶಕ್ಕೆ ಕರೆದಾಗಲೆಲ್ಲ ಸಂತೋಷದಿಂದ ಹೋಗಿ ಉಂಡು ಹರಸಿ ಬಂದಿದ್ದೇನೆ. ಆದರೆ ನನ್ನದೊಂದು ತಕರಾರಿದೆ; ಊಟದ ಎಲೆಯ ಮುಂದೆ ಕುಳಿತು ಅದನ್ನು ಹೇಳುವುದು ಸಭ್ಯತೆಯಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ. ಕಾಂಪೌಂಡಿನಿಂದ ಹೊಸ್ತಿಲವರೆಗೆ ಒಂದು ಅಂಗುಲ ಮಣ್ಣೂ ಕಾಣದಂತೆ ಸಿಮೆಂಟು ಹಾಸಿ, ಅದರ ಮೇಲೆ ಹತ್ತು ಕುಂಡಗಳನ್ನು ಸಾಲಾಗಿ ಇಟ್ಟು, “ಮೇಷ್ಟ್ರೇ, ನಮ್ಮ ಗಾರ್ಡನ್ ನೋಡಿ” ಎನ್ನುತ್ತೀರಿ. ಅದು ತೋಟವಲ್ಲ, ಗಿಡಗಳ ಹಾಸ್ಟೆಲು.

ಕೆಸರಾಗುತ್ತದೆ, ಹುಳಹುಪ್ಪಟೆ ಬರುತ್ತದೆ, ಕಾರು ನಿಲ್ಲಿಸಬೇಕು ಎಂಬ ಕಾರಣಗಳನ್ನು ಕೇಳಿದ್ದೇನೆ. ಕಾರಿನ ಮಾತನ್ನು ಒಪ್ಪುತ್ತೇನೆ. ಉಳಿದವನ್ನು ಒಪ್ಪಲಾರೆ. ಹತ್ತಡಿ ಉದ್ದ, ಹತ್ತಡಿ ಅಗಲದ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರಾಗುತ್ತದೆ. (ಪ್ರೌಢಶಾಲೆಯ ಲೆಕ್ಕ, ಮರೆತವರು ಮತ್ತೊಮ್ಮೆ ಮಾಡಿ ನೋಡಿ.) ಸಡಿಲ ಮಣ್ಣಿದ್ದರೆ ಅದರಲ್ಲಿ ಬಹುಪಾಲು ಇಂಗುತ್ತದೆ. ಸಿಮೆಂಟಾದರೆ ಬೀದಿಗೆ ಹರಿದು, ತಗ್ಗಿನಲ್ಲಿರುವ ಬಡವರ ಮನೆಯೊಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ನೀವು ಟ್ಯಾಂಕರಿಗೆ ಹಣ ಕೊಡುತ್ತೀರಿ.

ಹೂದೋಟವನ್ನು ಬಣ್ಣ ನೋಡಿ ಅಲ್ಲ, ಕಾಲ ನೋಡಿ ಯೋಜಿಸಬೇಕೆಂಬುದು ನನ್ನ ಅಭಿಪ್ರಾಯ. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಅರಳುವಂತೆ ನಗರದ ಸಾಲುಮರಗಳನ್ನು ಆರಿಸಿದರು. ಆ ವಿವೇಕವನ್ನು ನೂರು ಚದರಡಿಯಲ್ಲಿಯೂ ತೋರಬಹುದು. ಬೇಸಿಗೆಗೆ ದುಂಡುಮಲ್ಲಿಗೆ, ಮಳೆಗಾಲಕ್ಕೆ ಜಾಜಿ, ಹಗಲು ಕುಗ್ಗತೊಡಗಿದಾಗ ಸೇವಂತಿಗೆ, ವರ್ಷವಿಡೀ ದಾಸವಾಳ. ದಿನದ ವೇಳೆಯನ್ನೂ ಲೆಕ್ಕಿಸಿ. ಸಂಜೆಮಲ್ಲಿಗೆ ಸುಮಾರು ನಾಲ್ಕು ಗಂಟೆಗೆ ಕಣ್ಣು ತೆರೆಯುತ್ತದೆ. ಪಾರಿಜಾತ ರಾತ್ರಿ ಅರಳಿ ಬೆಳಗಿನ ಜಾವ ನೆಲಕ್ಕುದುರುತ್ತದೆ. ಹಗಲೆಲ್ಲ ಕಚೇರಿಯಲ್ಲಿರುವವರು ಈ ಎರಡನ್ನಾದರೂ ನೆಡಬೇಕು, ಇಲ್ಲವಾದರೆ ನಿಮ್ಮ ತೋಟವನ್ನು ನೋಡುವವರು ಪಕ್ಕದ ಮನೆಯವರು ಮಾತ್ರ.

ನನಗೆ ಹೆಚ್ಚಾಗಿ ಬರುವ ದೂರು ಮಲ್ಲಿಗೆಯದು: “ಗಿಡ ಸೊಂಪಾಗಿ ಹಬ್ಬಿದೆ, ಹೂವೇ ಇಲ್ಲ.” ಎರಡು ಪ್ರಶ್ನೆ ಕೇಳುತ್ತೇನೆ. ಬಿಸಿಲು ಐದಾರು ಗಂಟೆ ಬೀಳುತ್ತದೆಯೇ? ಕತ್ತರಿ ಹಾಕಿದ್ದೀರಾ? ಎರಡನೆಯದಕ್ಕೆ ಉತ್ತರ ಸಾಮಾನ್ಯವಾಗಿ ಮೌನ. ದುಂಡುಮಲ್ಲಿಗೆಯ ಮೊಗ್ಗು ಹೊಸ ಚಿಗುರಿನ ತುದಿಯಲ್ಲಿ ಬರುವಂಥದು. ನವೆಂಬರ್ ಕೊನೆಯಲ್ಲೋ ಡಿಸೆಂಬರಿನಲ್ಲೋ ಕೆಲವು ದಿನ ನೀರು ತಡೆದು, ಒಣಗಿದ ಮತ್ತು ಸೊರಗಿದ ರೆಂಬೆಗಳನ್ನು ತೆಗೆದು, ಉಳಿದವನ್ನು ಅರ್ಧಕ್ಕೆ ಸವರಿ, ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ ಕೊಟ್ಟು ಮತ್ತೆ ನೀರು ಹಾಯಿಸಿದರೆ ಫೆಬ್ರುವರಿ, ಮಾರ್ಚಿನ ಹೊತ್ತಿಗೆ ಮೊಗ್ಗು ಕಾಣುತ್ತದೆ. ಮನೆಯ ಹಿರಿಯರು “ಪಾಪ, ಹಸಿರು ಗಿಡವನ್ನು ಕಡಿಯುವುದೇ?” ಎಂದು ಅಡ್ಡ ಬರುತ್ತಾರೆ. ಕೇಳಬೇಡಿ. ಆ ಕರುಣೆ ಗಿಡಕ್ಕೆ ಬೇಕಿಲ್ಲ.

ಸೇವಂತಿಗೆಯನ್ನು ಬೀದಿದೀಪದ ಕೆಳಗೆ ನೆಡಬೇಡಿ. ಅದಕ್ಕೆ ದೀರ್ಘವಾದ ಕತ್ತಲೆ ಬೇಕು. ರಾತ್ರಿಯೆಲ್ಲ ಬೆಳಕಿದ್ದರೆ ಮೊಗ್ಗು ಹಿಡಿಯಲು ಹಿಂಜರಿಯುತ್ತದೆ. ಕಸಿ ಗುಲಾಬಿಯಲ್ಲಿ ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಿತ್ತುಹಾಕಿ. ಅದು ಕಾಡು ಬುಡದ ಚಿಗುರು. ಉಳಿಸಿದರೆ ಮೇಲಿನ ಗುಲಾಬಿಯನ್ನೇ ಸೊರಗಿಸುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಬೇಡ, ಅದರ ಸರ್ವಾಂಗವೂ ವಿಷ.

ಕೀಟನಾಶಕದ ಡಬ್ಬಿಯ ಬಗ್ಗೆ ನಾನು ಕಠಿಣವಾಗಿಯೇ ಮಾತನಾಡುತ್ತೇನೆ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳುವನ್ನು ಕಂಡೊಡನೆ ಔಷಧಿ ಸಿಂಪಡಿಸಿ, ಆಮೇಲೆ ಮೊಮ್ಮಕ್ಕಳಿಗೆ ಚಿಟ್ಟೆ ತೋರಿಸಲೆಂದು ಟಿಕೆಟು ಕೊಂಡು ಉದ್ಯಾನಕ್ಕೆ ಹೋಗುವವರನ್ನು ಕಂಡಿದ್ದೇನೆ. ಆ ಹುಳುವೇ ಚಿಟ್ಟೆಯಾಗತಕ್ಕದ್ದು. ನಾಲ್ಕು ಎಲೆ ಹೋದರೆ ಸಾರಿನ ಒಗ್ಗರಣೆಗೆ ಕೊರತೆಯಾಗದು. ದಾಸವಾಳದ ಬಿಳಿ ಹಿಟ್ಟುಹುಳುವಿಗಾದರೆ ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಸಂಜೆ ಸಿಂಪಡಿಸಿ, ಸಾಕು. ಪೂಜೆಗೆ ಹೂ ಬಿಡಿಸುವಾಗಲೂ ಗಿಡವನ್ನು ಬೋಳು ಮಾಡಬೇಡಿ. ಜೇನಿಗೂ ಒಂದು ಪಾಲಿರಲಿ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ಕನಕಾಂಬರವನ್ನು ಹೇಳುತ್ತೇನೆ. ಪರಿಮಳವಿಲ್ಲ, ಆದರೆ ಅರೆನೆರಳಿನಲ್ಲಿಯೂ ಹೂ ಬಿಡುವ ಸಂಭಾವಿತ ಗಿಡ. ಒಣಗಿದ ತೆನೆಯ ಕಾಯಿಗೆ ನೀರು ಸೋಕಿದರೆ ಚಟ್ಟೆಂದು ಸಿಡಿದು ಬೀಜ ಚೆಲ್ಲುತ್ತದೆ. ಮಕ್ಕಳಿಗೆ ತೋರಿಸಿ, ಬಿಟ್ಟು ಹೋಗಲೊಲ್ಲರು. ಈ ವರ್ಷದ ತೆನೆಗಳನ್ನು ಒಣ ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ಬಂದವರು ಕೇಳಿ ಪಡೆಯಬಹುದು. ಕೊಡುವ ಮೊದಲು ನಿಮ್ಮ ಅಂಗಳದಲ್ಲಿ ಮಣ್ಣಿದೆಯೇ ಎಂದು ವಿಚಾರಿಸುತ್ತೇನೆ.