ಉಪ್ಪಿನ ಋಣವಲ್ಲ, ಬಿತ್ತನೆಯ ಹಕ್ಕು

"ಬಿಟ್ಟಿ ಸಿಗುತ್ತೆ ಅಂತ ತಾನೆ ಆ ಉಬುಂಟುಗೆ ಅಂಟಿಕೊಂಡಿರೋದು? ಕಾಸಿದ್ದಿದ್ರೆ ನೀವೂ ವಿಂಡೋಸೇ ತಗೋತಿದ್ರಿ!" ಹಳ್ಳಿಮೈಸೂರಿನ ಟೀ ಅಂಗಡಿಯಲ್ಲಿ ನಮ್ಮನ್ನು ಹೀಗೆ ಕೆಣಕುವವರಿದ್ದಾರೆ. ಬಡವನ ಪ್ರೀತಿಗೆಲ್ಲ ಬಿಟ್ಟಿಯೇ ಕಾರಣ ಎಂದು ನಂಬುವುದು ಉಳ್ಳವರ ಹಳೆಯ ರೋಗ. ಇದಕ್ಕೆ ಉತ್ತರ ಕೊಡಲೇಬೇಕಾಗಿದೆ.

ನಿಯತ್ತು ಎಂಬ ಮಾತನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಮ್ಮ ತಾತಂದಿರ ಬೆನ್ನ ಮೇಲೆ ಅದನ್ನು ಬರೆದಿದ್ದಾರೆ. ಧಣಿಯ ಕೊಟ್ಟಿಗೆ ಬಳಿದು, ಅವನ ಉಪ್ಪು ತಿಂದು, ಅಪ್ಪನ ಸಾಲಕ್ಕೆ ಮಗನೂ ಜೀತಕ್ಕೆ ನಿಂತು ಸತ್ತರೆ "ನಿಯತ್ತಿನ ಆಳು ಕಣ್ಲಾ" ಎಂದು ಹೊಗಳುತ್ತಿದ್ದರು. ಬಿಟ್ಟುಹೋಗಲು ದಾರಿಯೇ ಇಲ್ಲದವನ ನಿಯತ್ತು ನಿಯತ್ತೇ? 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂತು. ಹಗ್ಗ ಮಾತ್ರ ವೇಷ ಬದಲಿಸುತ್ತಲೇ ಇದೆ. ಜೀತದ ನೋವಿಗೆ ನಾವು ಕಂಪ್ಯೂಟರಿನ ತಾಪತ್ರಯವನ್ನು ಸಮ ಮಾಡುತ್ತಿಲ್ಲ. ಆದರೆ ಎರಡೂ ಹಗ್ಗ ಹೊಸೆದ ನಾರು ಒಂದೇ.

ಕಂಪ್ಯೂಟರ್ ಎದ್ದು ಕೂರಬೇಕಾದರೆ, ಕೀಲಿಮಣೆಯ ಮಾತು ಕೇಳಬೇಕಾದರೆ ಅದರೊಳಗೆ ಒಂದು ಬುಡದ ತಂತ್ರಾಂಶ ಇರಬೇಕು. ಆಪರೇಟಿಂಗ್ ಸಿಸ್ಟಂ ಎನ್ನುವುದು ಅದಕ್ಕೇ. ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸಿನ ಒಳಗಿನ ಬರಹವನ್ನು ಜನಕ್ಕೆ ಬಿಚ್ಚಿಡುವುದಿಲ್ಲ, ತಿದ್ದಲು ಬಿಡುವುದಿಲ್ಲ, ನೆರೆಯವನಿಗೆ ಪ್ರತಿ ಮಾಡಿಕೊಡಲು ಬಿಡುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ರಕ್ಷಣೆ ಮುಗಿಯಿತು ಎಂದು ಕೈತೊಳೆದುಕೊಂಡಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡಿರುವ ಹೊಸ ಯಂತ್ರ ಬೇಕಂತೆ. ಹಳೆಯದು ಕೆಟ್ಟಿಲ್ಲ, ಒತ್ತಿದರೆ ಅಕ್ಷರ ಮೂಡುತ್ತದೆ. ಆದರೂ ಅದು ಗುಜರಿಗೆ! ತೀರ್ಮಾನ ಮಾಡಿದ್ದು ಯಾರು? ನಮ್ಮ ಊರಿನ ಮೇಷ್ಟ್ರಲ್ಲ, ಮಕ್ಕಳಲ್ಲ.

ಈಗ ನಮ್ಮ ಹೊಲಕ್ಕೆ ಬನ್ನಿ. ಹಾಸನದ ಆಲೂಗಡ್ಡೆ ಬೆಳೆಗಾರ ವರ್ಷ ವರ್ಷವೂ ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗಡ್ಡೆಗೆ ಕಾಯುತ್ತಾನೆ. ಅದರ ಬೆಲೆ ಅವನ ಕೈಯಲ್ಲಿಲ್ಲ. ರಾಗಿಯ ಕತೆ ಬೇರೆ. ಅವ್ವ ಒಳ್ಳೆಯ ತೆನೆ ಆರಿಸಿ ಬಿತ್ತನೆಗೆ ಎತ್ತಿಡುತ್ತಾಳೆ, ನೆರೆಯವಳು ಕೇಳಿದರೆ ಒಂದು ಮೊರ ಕೊಡುತ್ತಾಳೆ. ಬಳಸುವುದು, ಬಿಚ್ಚಿ ನೋಡುವುದು, ಹಂಚುವುದು, ಸುಧಾರಿಸುವುದು. ಈ ನಾಲ್ಕು ಹಕ್ಕುಗಳೇ ಸ್ವತಂತ್ರ ತಂತ್ರಾಂಶದ ತಿರುಳು. ಅದಕ್ಕೆಂದೇ ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದರು. 1989ರಲ್ಲಿ ಜಿಪಿಎಲ್ ಪರವಾನಗಿ ಬರೆದರು: ಇದನ್ನು ತಿದ್ದಿ ಹಂಚುವವನು ತಾನು ಪಡೆದ ಹಕ್ಕನ್ನೂ ಜೊತೆಗೇ ಹಂಚಬೇಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಮರುವರ್ಷ ಅದೇ ಪರವಾನಗಿಗೆ ಬಂತು. ಗ್ನೂ, ಲಿನಕ್ಸ್ ಎರಡೂ ಬೆರೆತು ಬೆಳೆದ ಹಲವು ತಳಿಗಳಲ್ಲಿ ಉಬುಂಟು ಒಂದು. ದಕ್ಷಿಣ ಆಫ್ರಿಕದ ಸಿರಿವಂತ ಮಾರ್ಕ್ ಶಟಲ್‌ವರ್ತ್ ಹಣ ಹಾಕಿ 2004ರಲ್ಲಿ ಹೊರತಂದದ್ದು. 2011ರವರೆಗೆ ಕೇಳಿದವರ ಮನೆಗೆ ಸಿ.ಡಿ. ಅಂಚೆಯಲ್ಲಿ ಬಿಟ್ಟಿ ಬರುತ್ತಿತ್ತು.

ಹೌದು, ಬಿಟ್ಟಿ. ಆದರೆ ಕಳ್ಳ ಕಾಪಿಯ ವಿಂಡೋಸೂ ಬಿಟ್ಟಿಯೇ ಸಿಗುತ್ತದಲ್ಲ! ಬಿಟ್ಟಿಯೇ ಕಾರಣವಾಗಿದ್ದರೆ ಜನ ಅದಕ್ಕೇ ನಿಷ್ಠರಾಗಿರಬೇಕಿತ್ತು. ಕದ್ದು ತಂದರೂ ಧಣಿ ಧಣಿಯೇ. ರೂಢಿಯಾಗುವುದು ಅವನ ಮನೆಯ ದಾರಿಯೇ.

ನಿಷ್ಠೆ ಹುಟ್ಟುವುದು ಕೈ ಹಚ್ಚಿದ ಕಡೆ. 2010ರ ದಶಕದಲ್ಲಿ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ 'ವಿಷಯ ಶಿಕ್ಷಕರ ವೇದಿಕೆ' ಉಬುಂಟು ಕಲಿಸಿತು. ಗಣಿತದ ಮೇಷ್ಟ್ರು ಜಿಯೋಜೀಬ್ರಾದಲ್ಲಿ ತ್ರಿಕೋನ ತಿರುಗಿಸಿದರು. ಯಾರೋ ಕೊಟ್ಟ ಪಾಠ ಒಪ್ಪಿಸುತ್ತಿದ್ದವರು ತಾವೇ ಪಾಠ ಕಟ್ಟಿ ಹಂಚಿಕೊಂಡರು. ಅದಕ್ಕೂ ಮುಂಚೆ, 2008ರ ಹೊತ್ತಿಗೆ, ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ತೆರೆಯಿತು. ಕೂಲಿಕಾರರ ಮಕ್ಕಳು ಜಿಂಪ್ ಎಂಬ ಸ್ವತಂತ್ರ ತಂತ್ರಾಂಶದಲ್ಲಿ ಚಿತ್ರ ಬರೆದರು. ಉತ್ತವನಿಗೆ ಹೊಲದ ಮೇಲೆ ಹುಟ್ಟುವ ಮಮತೆ ಅದು. ಅದನ್ನು ಬಿಟ್ಟಿ ಎಂದು ಕರೆಯಬೇಡಿ.

ಆದರೆ ಈ ನಿಷ್ಠೆ ಕುರುಡಾಗಬಾರದು. 2012ರಲ್ಲಿ ಇದೇ ಉಬುಂಟು ಮೋಸ ಮಾಡಿತು. 12.10ನೇ ಆವೃತ್ತಿಯಲ್ಲಿ, ನಮ್ಮ ಯಂತ್ರದೊಳಗೆ ನಾವು ಏನು ಹುಡುಕಿದರೂ ಆ ಪದ ಕಂಪನಿಯ ಸರ್ವರಿಗೆ ಹೋಗಿ ಅಮೆಜಾನಿನ ಸರಕು ತೋರಿಸುವಂತೆ ಮಾಡಿದರು. ಇದು ಬೇಹುಗಾರಿಕೆ ಎಂದು ಸ್ಟಾಲ್ಮನ್ ಜರೆದರು. ಬಳಕೆದಾರರು ರೇಗಿದರು. ಬೇಡವಾದವರು ಡೆಬಿಯನ್‌ಗೆ, ಮಿಂಟ್‌ಗೆ ಹೋದರು. ಗಂಟುಮೂಟೆ ಕಟ್ಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. 2016ರ ಆವೃತ್ತಿಯಲ್ಲಿ, ನಾವಾಗಿ ಕೇಳದ ಹೊರತು ಆ ಹುಡುಕಾಟ ನಡೆಯದಂತೆ ಕಂಪನಿಯೇ ನಿಲ್ಲಿಸಿತು. ನಮ್ಮ ಮಾತು ಇಷ್ಟೆ: ಬಿಟ್ಟುಹೋಗುವ ಹಕ್ಕಿರುವ ಕಡೆ ಉಳಿದುಕೊಂಡರೆ ಅದು ನಿಷ್ಠೆ. ಆ ಹಕ್ಕಿಲ್ಲದ ಕಡೆ ಉಳಿದುಕೊಂಡರೆ ಅದು ಜೀತ.

ನಮ್ಮ ಮನೆಯ ಕೊಳೆಯನ್ನೂ ಹೇಳಬೇಕು. ಈ ಸ್ವತಂತ್ರ ಲೋಕದಲ್ಲೂ ಮಡಿಯವರಿದ್ದಾರೆ. ಕಷ್ಟದ ತಳಿ ಹಾಕಿಕೊಂಡವನು ಉಬುಂಟಿನವನನ್ನು ಕಂಡು ಮೂಗು ಮುರಿಯುತ್ತಾನೆ. ಕೇರಿಯ ಹುಡುಗಿ ಒಂದು ಅನುಮಾನ ಕೇಳಿದರೆ "ಮೊದಲು ಮ್ಯಾನ್ಯುಯಲ್ ಓದ್ಕೊಂಡು ಬಾ" ಅನ್ನುತ್ತಾನೆ. ಆ ಪುಸ್ತಕ ಇರುವುದು ಇಂಗ್ಲಿಷಿನಲ್ಲಿ! ಮಹಾಡದ ಚೌಡಾರ್ ಕೆರೆಯೂ 1924ರಲ್ಲೇ ಪುರಸಭೆಯ ಠರಾವಿನಲ್ಲಿ ಎಲ್ಲರಿಗೂ ತೆರೆದಿತ್ತು. ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆಯೊಡ್ಡಿ ಕುಡಿಯಬೇಕಾಯಿತು. ತೆರೆದಿಟ್ಟರೆ ಸಾಲದು, ಮುಟ್ಟಬೇಕು.

ಆದ್ದರಿಂದ ಗೆಳೆಯರೆ, ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡಿನ ಮೇಷ್ಟ್ರುಗಳೆ, ಗುಜರಿಗೆ ಹೋಗಲಿರುವ ಯಂತ್ರಗಳನ್ನು ತಡೆಯಿರಿ. ಬೀಗ ಹಾಕಿದ ಕಂಪ್ಯೂಟರ್ ಕೋಣೆ ತೆಗೆಯಿರಿ. ಒಂದು ಪೆನ್‌ಡ್ರೈವ್, ಅರ್ಧ ದಿನ ಸಾಕು. ನುಡಿಯ ಕೀಲಿಮಣೆಯ ಜೋಡಣೆಯಲ್ಲೇ ಇಲ್ಲೂ ಕನ್ನಡ ಕುಟ್ಟಬಹುದು. ಹಳೆಯ ನುಡಿ ಅಕ್ಷರದ ಕಡತಗಳನ್ನು ಮಾತ್ರ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಕಿರಿಕಿರಿಯೇ, ಸುಳ್ಳು ಹೇಳುವುದಿಲ್ಲ. ಕಲಿತದ್ದನ್ನು ಕನ್ನಡದಲ್ಲಿ ಬರೆದು ಕೇರಿಗೆ ಕೊಡಿ. ಮೊದಲ ಕುರ್ಚಿಯಲ್ಲಿ ಕೇರಿಯ ಹುಡುಗಿ ಕೂರಲಿ. ಕೆಡಿಸಿದರೆ ಕೆಡಿಸಲಿ, ಮತ್ತೆ ಹಾಕೋಣ. ಬಿತ್ತನೆ ನಮ್ಮ ಕೈಯಲ್ಲಿದೆ.